ಜನಾಂಗಹತ್ಯೆ ಶಿಕ್ಷಣ ಮತ್ತು ಬಹುಮಾಧ್ಯಮ ಯೋಜನಾಕಾರ್ಯ: ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ

ಒಂದು ಜನಸಮುದಾಯವನ್ನು ಇಲ್ಲವಾಗಿಸುವ ಉದ್ದೇಶದಿಂದ ನಡೆದ ಕೃತ್ಯಗಳ ಹಿನ್ನೆಲೆ, ಕ್ರಮ ಮತ್ತು ಪರಿಣಾಮಗಳನ್ನು ಕಲಿಸುವುದು ಇತಿಹಾಸ ಬೋಧನೆಯ ಒಂದು ಶಾಖೆ. ಇದನ್ನು ಜನಾಂಗಹತ್ಯೆ ಶಿಕ್ಷಣ ಎನ್ನುತ್ತಾರೆ. ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಳ್ಳುವುದಕ್ಕೆ ನಿಲ್ಲದೆ ದಾಖಲೆ, ಛಾಯಾಚಿತ್ರ, ನಕ್ಷೆ, ಧ್ವನಿಮುದ್ರಣಗಳನ್ನು ವಿದ್ಯಾರ್ಥಿಗಳೇ ಹುಡುಕಿ, ಒರೆಗೆ ಹಚ್ಚಿ, ಕಿರುಚಿತ್ರವಾಗಿಯೋ ಪ್ರದರ್ಶನವಾಗಿಯೋ ಮುಂದಿಡುವುದು ಇದರ ಬಹುಮಾಧ್ಯಮ ರೂಪ. ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಿಗೆ ಈ ವಿಷಯ ಯುರೋಪಿನಷ್ಟು ದೂರದ್ದಲ್ಲ. ಬೇಕಾದ ಸಾಮಗ್ರಿಯ ಒಂದು ಭಾಗ ಈ ತಾಲ್ಲೂಕುಗಳ ಒಳಗೇ ಇದೆ, ಇನ್ನೊಂದು ಭಾಗ ಗಡಿಗೆ ಹೊಂದಿಕೊಂಡಂತೆ ಇದೆ.

ಕಾನೂನಿನ ಅರ್ಥ

ಈ ಅಪರಾಧಕ್ಕೆ ಹೆಸರು ಕೊಟ್ಟವನು ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್. ಆ ಹೆಸರು 1944ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿದೆ. ವಿಶ್ವಸಂಸ್ಥೆಯ ಮಹಾಸಭೆ 1948ರ ಡಿಸೆಂಬರ್ 9ರಂದು ಜನಾಂಗಹತ್ಯೆ ಒಡಂಬಡಿಕೆಯನ್ನು ಅಂಗೀಕರಿಸಿತು. 1951ರಲ್ಲಿ ಅದು ಜಾರಿಗೆ ಬಂತು, 1959ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪೊಂದನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಸಾಬೀತಾಗಬೇಕೆಂಬುದು ಅದರ ತಿರುಳು. ಕೊಲೆಯೊಂದೇ ಅಲ್ಲ, ಗುಂಪಿನಲ್ಲಿ ಮಕ್ಕಳು ಹುಟ್ಟದಂತೆ ತಡೆಯುವುದೂ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದೂ ಈ ಅಪರಾಧದೊಳಗೆ ಬರುತ್ತವೆ.

ಸತ್ತವರ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಜನಾಂಗಹತ್ಯೆ ಆಗುವುದಿಲ್ಲ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆದರೂ 2018ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯ ಜನಾಂಗಹತ್ಯೆಯ ತೀರ್ಪು ಕೊಟ್ಟದ್ದು ವಿಯೆಟ್ನಾಮಿಗಳು ಮತ್ತು ಚಾಮ್ ಮುಸ್ಲಿಮರ ವಿಷಯದಲ್ಲಿ. ಉಳಿದ ಸಾವುಗಳನ್ನು ಅದು ಮಾನವೀಯತೆಯ ವಿರುದ್ಧದ ಅಪರಾಧವೆಂದು ಪರಿಗಣಿಸಿತು. ಯಾವ ಯೋಜನಾಕಾರ್ಯವೇ ಆಗಲಿ, ಈ ಭೇದವನ್ನು ಅರಿತ ಮೇಲೆಯೇ ಶುರುವಾಗಬೇಕು. ಪ್ರತಿ ಕ್ರೌರ್ಯಕ್ಕೂ ಒಂದೇ ಹೆಸರು ಹಚ್ಚುತ್ತ ಹೋದರೆ ಮಕ್ಕಳ ಕೈಗೆ ಇತಿಹಾಸ ಸಿಗುವುದಿಲ್ಲ, ಘೋಷಣೆ ಸಿಗುತ್ತದೆ.

ಪದ್ಧತಿ

ಬದುಕುಳಿದವರ ಮಾತನ್ನು ಪಾಠದ ಕೇಂದ್ರಕ್ಕೆ ತಂದದ್ದು ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಹತ್ಯಾಕಾಂಡದ ಬೋಧನೆ. ಚಿತ್ರನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಸ್ಥಾಪಿಸಿದ ಶೋವಾ ಪ್ರತಿಷ್ಠಾನದ ಭಂಡಾರದಲ್ಲಿ 50,000ಕ್ಕೂ ಹೆಚ್ಚು ಜನರ ದೃಶ್ಯ ಸಾಕ್ಷ್ಯಗಳಿವೆ. ವಾಷಿಂಗ್ಟನ್ನಿನ ಹತ್ಯಾಕಾಂಡ ಸ್ಮಾರಕ ವಸ್ತುಸಂಗ್ರಹಾಲಯ ಶಿಕ್ಷಕರಿಗೆ ಕೆಲವು ಸೂಚನೆಗಳನ್ನು ಕೊಟ್ಟಿದೆ: ಅಂಕಿಗಳ ಹಿಂದಿನ ಮನುಷ್ಯರನ್ನು ತೋರಿಸಿ, ಒಬ್ಬರ ನೋವನ್ನು ಇನ್ನೊಬ್ಬರ ನೋವಿನ ಜೊತೆ ತೂಗಬೇಡಿ, ಶಿಬಿರದ ಕೈದಿಯಾಗಿಯೋ ಕಾವಲುಗಾರನಾಗಿಯೋ ಮಕ್ಕಳಿಂದ ಅಭಿನಯ ಮಾಡಿಸಬೇಡಿ. ಈ ಕೊನೆಯ ಸೂಚನೆ ನಮ್ಮಲ್ಲಿ ಹೆಚ್ಚು ಮುಖ್ಯ. ವೇಷ ಹಾಕಿಸಿ ದೃಶ್ಯ ಮಾಡಿಸುವುದು ನಮ್ಮ ಶಾಲೆಗಳಲ್ಲಿ ಬಹಳ ಬೇಗ ಹೊಳೆಯುವ ದಾರಿ.

ರುವಾಂಡಾದ ಉದಾಹರಣೆ ಇನ್ನೊಂದು ಪಾಠವನ್ನು ಕೊಡುತ್ತದೆ. 1994ರ ಏಪ್ರಿಲ್‌ನಿಂದ ಜುಲೈವರೆಗೆ ನಡೆದ ತುತ್ಸಿಗಳ ಕೊಲೆಗೆ ಒಂದು ಖಾಸಗಿ ರೇಡಿಯೋ ಕೇಂದ್ರ ಬಹಿರಂಗವಾಗಿ ಕುಮ್ಮಕ್ಕು ಕೊಟ್ಟಿತ್ತು, ಜನರನ್ನು ಜಿರಳೆಗಳೆಂದು ಕರೆದಿತ್ತು. ಅದನ್ನು ನಡೆಸಿದವರನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಪರಾಧಿಗಳೆಂದು ಘೋಷಿಸಿತು. ವಾಟ್ಸ್ಯಾಪಿನಲ್ಲಿ ಬಂದ ಚಿತ್ರವನ್ನು ಮರುಕ್ಷಣವೇ ಮುಂದಕ್ಕೆ ಕಳಿಸುವ ವಯಸ್ಸಿನವರು ತಿಳಿಯಲೇಬೇಕಾದ ತೀರ್ಪು ಇದು. ಚಿತ್ರ ಯಾರು ತೆಗೆದದ್ದು, ಎಲ್ಲಿಯದು, ಯಾವ ವರ್ಷದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವತನಕ ಅದನ್ನು ಯೋಜನೆಯಲ್ಲಿ ಸೇರಿಸಬಾರದು.

ಪಕ್ಕದ ಮುಂಡಗೋಡ

ಹಾನಗಲ್ಲ ಮತ್ತು ಶಿಗ್ಗಾಂವಿಗೆ ಗಡಿ ಹಂಚಿಕೊಂಡಿರುವ ಮುಂಡಗೋಡ ತಾಲ್ಲೂಕಿನಲ್ಲಿ ಟಿಬೆಟನ್ನರ ನೆಲೆಯಿದೆ. 1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆಯನ್ನು ಚೀನಾ ಹತ್ತಿಕ್ಕಿದ ಮೇಲೆ ದಲೈ ಲಾಮಾ ಮತ್ತು ಅವರ ಹಿಂದೆ ಸಾವಿರಾರು ಜನ ಭಾರತಕ್ಕೆ ಬಂದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ನೆಲೆ ಆರಂಭವಾಯಿತು. ಟಿಬೆಟಿನ ದೊಡ್ಡ ವಿಹಾರಗಳಾದ ಗಾಂದೆನ್ ಮತ್ತು ದ್ರೆಪುಂಗ್ ಮತ್ತೆ ತಲೆಯೆತ್ತಿದ್ದು ಇಲ್ಲಿಯೇ.

ಜಿನೀವಾದ ಅಂತರರಾಷ್ಟ್ರೀಯ ನ್ಯಾಯವಾದಿಗಳ ಆಯೋಗ ಟಿಬೆಟಿನಲ್ಲಿ ನಡೆದದ್ದನ್ನು ತನಿಖೆ ಮಾಡಲು ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಭಾರತದ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಪುರುಷೋತ್ತಮ ತ್ರಿಕಮದಾಸ್. ನಿರಾಶ್ರಿತರ ಹೇಳಿಕೆಗಳನ್ನು ಪರಿಶೀಲಿಸಿದ ಸಮಿತಿ 1960ರಲ್ಲಿ ಕೊಟ್ಟ ನಿರ್ಣಯ ಎಚ್ಚರದ್ದು. ಧಾರ್ಮಿಕ ಗುಂಪಾಗಿ ಟಿಬೆಟನ್ನರನ್ನು ನಾಶಮಾಡುವ ಯತ್ನದಲ್ಲಿ ಜನಾಂಗಹತ್ಯೆಯ ಕೃತ್ಯಗಳು ನಡೆದಿವೆ ಎಂದು ಅದು ಹೇಳಿತು. ಅವರನ್ನು ಜನಾಂಗವಾಗಿಯೋ ರಾಷ್ಟ್ರವಾಗಿಯೋ ನಾಶಮಾಡುವ ಯತ್ನಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದೂ ಅದೇ ವರದಿಯಲ್ಲಿ ಹೇಳಿತು. ಚೀನಾ ಈ ಆರೋಪಗಳನ್ನು ಒಪ್ಪುವುದಿಲ್ಲ. ಕಾನೂನಿನ ವ್ಯಾಖ್ಯೆಯನ್ನು ಸಾಕ್ಷ್ಯದ ಮೇಲೆ ಹೇಗೆ ಪ್ರಯೋಗಿಸುತ್ತಾರೆ ಎಂಬುದಕ್ಕೆ ಹತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಆ ಸಾಕ್ಷ್ಯದ ಜನ, ಅವರ ಮಕ್ಕಳು, ಮೊಮ್ಮಕ್ಕಳು ನೆರೆಯ ಪೇಟೆಯಲ್ಲೇ ಇದ್ದಾರೆ.

ಅಬ್ಬಲೂರಿನ ಕಲ್ಲು

ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಕ್ರಿ.ಶ. 1200ರ ಸುಮಾರಿನ ಶಾಸನವೊಂದಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಕತ್ತರಿಸಿಕೊಂಡು ಏಳು ದಿನದ ಮೇಲೆ ಅದನ್ನು ಮರಳಿ ಪಡೆದದ್ದು, ಒಪ್ಪಂದ ಮುರಿದರೆಂದು ಜಿನಬಿಂಬವನ್ನು ಒಡೆದದ್ದು, ದೂರು ಬಂದಾಗ ದೊರೆ ಬಿಜ್ಜಳ ರಾಮಯ್ಯನಿಗೇ ಜಯಪತ್ರ ಕೊಟ್ಟದ್ದು, ಹಾನಗಲ್ಲ ಕದಂಬರ ಕಾಮದೇವ ದತ್ತಿ ಬಿಟ್ಟದ್ದು ಎಲ್ಲವೂ ಅದರಲ್ಲಿವೆ. ಗೋಡೆಯ ಮೇಲೆ ಇದೇ ಕಥೆಯ ಶಿಲ್ಪಪಟ್ಟಿಕೆಗಳಿವೆ, ಅವುಗಳ ಕೆಳಗೆ ಚಿಕ್ಕ ಶೀರ್ಷಿಕೆ ಬರಹಗಳಿವೆ.

ಇದು ಜನಾಂಗಹತ್ಯೆಯ ದಾಖಲೆಯಲ್ಲ, ಹಾಗೆ ಓದುವುದು ತಪ್ಪು. ಆದರೆ ಇದು ಗೆದ್ದವರು ಬರೆಸಿದ ದಾಖಲೆ. ಚಿತ್ರ ಮತ್ತು ಬರಹ ಸೇರಿ ಒಂದೇ ಕಡೆಯ ಕಥೆಯನ್ನು ಹೇಗೆ ಗಟ್ಟಿಮಾಡುತ್ತವೆ ಎಂಬುದನ್ನು ಮಕ್ಕಳು ಗೋಡೆಯ ಮುಂದೆಯೇ ನಿಂತು ನೋಡಬಹುದು. ಶಾಸನದಲ್ಲಿ ಜೈನರು ಏನು ಮಾತಾಡುತ್ತಾರೆ, ಆ ಮಾತನ್ನು ಅವರ ಬಾಯಲ್ಲಿ ಇಟ್ಟವರು ಯಾರು ಎಂದು ಕೇಳಿಸಬೇಕು. ಒಂದು ಸಮುದಾಯದ ವಿರುದ್ಧದ ಹಿಂಸೆಯನ್ನು ಪುಣ್ಯಕಾರ್ಯವಾಗಿ ಹೇಳುವ ಬರಹವನ್ನು ಗುರುತಿಸಲು ಕಲಿತವರು ಇಪ್ಪತ್ತನೆಯ ಶತಮಾನದ ಪ್ರಚಾರ ಚಿತ್ರಗಳನ್ನೂ ಸುಲಭವಾಗಿ ಗುರುತಿಸುತ್ತಾರೆ.

1948

ಸವಣೂರು ನವಾಬರ ಸಂಸ್ಥಾನ 1948ರಲ್ಲಿ ಭಾರತದೊಳಗೆ ಸೇರಿಹೋಯಿತು. ಅದೇ ವರ್ಷ ನಿಜಾಮರ ಹೈದರಾಬಾದಿನಲ್ಲಿ ನೆತ್ತರು ಹರಿಯಿತು. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮರ ಪರವಾದ ಸಶಸ್ತ್ರ ದಳವಾದ ರಜಾಕಾರರು ಹಳ್ಳಿಗರನ್ನು ಕೊಂದರು, ಸುಮಾರು 200 ಜನ ಎಂಬುದು ಪ್ರಚಲಿತ ಲೆಕ್ಕ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ದಾಳಿಗಳು ನಡೆದವು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜಿಸಿತು, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರ್ ಸೇರಿದ್ದವು. ಗೋರ್ಟಾದಲ್ಲಿ ಈಗ ಸ್ಮಾರಕವಿದೆ. ಸಮಿತಿಯ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ.

ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಡದ ಯೋಜನಾಕಾರ್ಯ ಅರ್ಧಸತ್ಯ. ಗೋರ್ಟಾವನ್ನಷ್ಟೇ ಹೇಳುವುದು, ಸುಂದರಲಾಲ್ ವರದಿಯನ್ನಷ್ಟೇ ಹೇಳುವುದು ಎರಡೂ ತರಗತಿಯಲ್ಲಿ ಕೂತ ಯಾವುದೋ ಒಂದು ಮಗುವನ್ನು ಹೊರಗಿಡುತ್ತವೆ. ಹಿರೇಕೆರೂರಿಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ಈಸೂರಿನ 1942ರ ಬಂಡಾಯ ಮತ್ತು 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದ್ದು ಬೇರೆ ಬಗೆಯದು. ಅದು ಆಳುವವರ ದಮನ, ಜನಾಂಗಹತ್ಯೆಯಲ್ಲ.

ದಾಖಲೀಕರಣ

ಮೌಖಿಕ ಇತಿಹಾಸಕ್ಕೆ ಬೇಕಾದ ಶಿಸ್ತು ಈ ಭಾಗಕ್ಕೆ ಹೊಸದಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಕ್ಷೇತ್ರಕಾರ್ಯವೇ ಅದರ ಅಧ್ಯಯನದ ಬುನಾದಿ. ಒಂದು ಮೊಬೈಲ್, ಗಾಳಿ ಬಡಿಯದ ಒಂದು ಕೋಣೆ, ಮೊದಲೇ ಬರೆದುಕೊಂಡ ಪ್ರಶ್ನೆಗಳು, ಮಾತಾಡುವವರ ಭಾಷೆ ಬಲ್ಲ ಒಬ್ಬ ದುಭಾಷಿ ಇದ್ದರೆ ಧ್ವನಿಮುದ್ರಣಕ್ಕೆ ಸಾಕು. ಹಿರಿಯರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಹೆಸರು ಹೇಳಬೇಡಿ ಎಂದರೆ ಹೇಳಬಾರದು, ಮಾತು ನಿಲ್ಲಿಸಿದರೆ ಅಲ್ಲಿಗೇ ನಿಲ್ಲಿಸಬೇಕು, ಅತ್ತ ದೃಶ್ಯವನ್ನು ಹಿನ್ನೆಲೆ ಸಂಗೀತ ಹಾಕಿ ಹಿಗ್ಗಿಸಬಾರದು. ಟಿಬೆಟಿನಲ್ಲಿ ಇನ್ನೂ ಬಂಧುಗಳಿರುವವರಿಗೆ ಒಂದು ಮುಖ, ಒಂದು ಊರಿನ ಹೆಸರು ಬಯಲಾಗುವುದೂ ಅಪಾಯ. ಹಾಗಾಗಿ ಇಂಥ ಮುದ್ರಣವನ್ನು ಯೂಟ್ಯೂಬಿಗೆ ಏರಿಸದೆ ಶಾಲೆಯಲ್ಲೇ ಇಡುವುದು ಕ್ಷೇಮ. ಹೆಣಗಳ ಚಿತ್ರಗಳನ್ನು ಗೋಡೆಗೆ ಹಚ್ಚುವ ಅಗತ್ಯವಿಲ್ಲ. ಬಿಟ್ಟುಬಂದ ಮನೆಯ ನಕ್ಷೆಯನ್ನು ಅಜ್ಜಿಯೊಬ್ಬರು ನೆನಪಿನಿಂದ ಬರೆದುಕೊಟ್ಟರೆ ಅದು ಹೆಚ್ಚು ಹೇಳುತ್ತದೆ.

ರಾಜ್ಯದ ಪ್ರೌಢಶಾಲೆಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಭಾಗವಾಗಿ ಯೋಜನಾಕಾರ್ಯಕ್ಕೆ ಆಂತರಿಕ ಅಂಕಗಳಿವೆ, ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ನಾಜಿವಾದದ ಪಾಠವೂ ಇದೆ. ಅಂಕ ಕೊಡುವಾಗ ವಿಡಿಯೋದ ಮೆರುಗಿಗಿಂತ ಪ್ರತಿ ಮಾತಿನ ಆಧಾರವನ್ನು ನೋಡಬೇಕು: ಕೇಳಿದ್ದು, ಓದಿದ್ದು, ತಾನು ಊಹಿಸಿದ್ದು ಎಂಬ ಮೂರನ್ನೂ ವಿದ್ಯಾರ್ಥಿ ಬೇರೆಬೇರೆಯಾಗಿ ಗುರುತಿಸಿರಬೇಕು. ಮೂಲ ಧ್ವನಿಮುದ್ರಣವನ್ನು ಕತ್ತರಿಸದೆ, ದಿನಾಂಕ ಮತ್ತು ಊರಿನ ವಿವರದೊಂದಿಗೆ ಕಾಪಿಡಬೇಕು. ಅದರ ಒಂದು ಪ್ರತಿ ಮಾತಾಡಿದವರ ಮನೆಗೂ ತಲುಪಬೇಕು.