ಶಾಸನಗಳ ಛಾಯಾಚಿತ್ರಗಳೂ ಅವುಗಳ ಮೂಲಕಡತಗಳ ರಕ್ಷಣೆಯೂ

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿರುವ ರಾಜಾನುಕುಂಟೆಯು ತನ್ನ ಹೆಸರಿನಲ್ಲಿಯೇ ಒಂದು ಕುಂಟೆಯ ನೆನಪನ್ನು ಉಳಿಸಿಕೊಂಡಿರುವ ಊರು. ಈ ಸೀಮೆಯ ಹೊಲಗಳು ಬಡಾವಣೆಗಳಾಗಿಯೂ ವಿದ್ಯಾಸಂಸ್ಥೆಗಳ ಆವರಣಗಳಾಗಿಯೂ ಮಾರ್ಪಡುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಹೊಲದ ಬದುವಿನಲ್ಲಿಯೋ ಕೆರೆಯ ಏರಿಯ ಮೇಲೆಯೋ ನಿಂತ ವೀರಗಲ್ಲು, ದಾನಶಾಸನಗಳಿಗೆ ಇಂತಹ ಕಾಲದಲ್ಲಿ ಅಪಾಯ ಹೆಚ್ಚು. ಕಲ್ಲು ಹೋದಮೇಲೆ ಇತಿಹಾಸಕಾರನಿಗೆ ಉಳಿಯುವುದು ಅದರ ಪ್ರತಿಯೊಂದೇ. ಆದಕಾರಣ ಪ್ರತಿಯ ರಕ್ಷಣೆಯು ಇತಿಹಾಸದ ಅಧ್ಯಯನಕ್ಕೆ ಹೊರತಾದ ವಿಷಯವಲ್ಲವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೧

ಬಿ. ಎಲ್. ರೈಸರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡು ೧೯೦೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಠ ಅಚ್ಚಾಗಿರುವ ಕಲ್ಲುಗಳಲ್ಲಿ ಅನೇಕವು ಇಂದು ಸ್ಥಳದಲ್ಲಿಲ್ಲ. ಅಚ್ಚಾದ ಪಾಠದಲ್ಲಿ ಒಂದು ಅಕ್ಷರದ ವಿಷಯವಾಗಿ ಸಂಶಯ ಬಂದರೆ ಮರಳಿ ನೋಡುವ ಮಾರ್ಗವು ಅಲ್ಲಿಗೆ ಮುಚ್ಚಿತೆಂದೇ ಅರ್ಥ. ಪಡಿಯಚ್ಚು ಉಳಿದಿದ್ದರೆ ಸಂಗತಿ ಬೇರೆ. ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಒತ್ತಿ ಮಸಿ ಹಚ್ಚಿ ತೆಗೆದ ಅಚ್ಚಿನಲ್ಲಿ ಅಕ್ಷರವೂ ಬಿರುಕೂ ಒಂದೇ ರೀತಿಯಲ್ಲಿ ಮೂಡುತ್ತವೆ. ಯಾವುದು ಅಕ್ಷರ, ಯಾವುದು ಬಿರುಕು ಎಂಬ ತೀರ್ಪು ಓದುವವನಿಗೆ ಬಿಟ್ಟದ್ದು. ಕಣ್ಣಿನಿಂದ ಓದಿ ಬರೆದುಕೊಂಡ ಪ್ರತಿಯಲ್ಲಾದರೋ ಆ ತೀರ್ಪು ಮೊದಲೇ ಸೇರಿಹೋಗಿರುತ್ತದೆ.

ಹೊಸ ಕಲ್ಲುಗಳೂ ಬೆಳಕಿಗೆ ಬರುತ್ತಲೇ ಇವೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ, ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ ಪತ್ತೆಯಾದದ್ದು ೨೦೧೮ರಲ್ಲಿ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಈ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಯೋಜನೆಯನ್ನು ಕೈಗೊಂಡಿತು. ಅದಕ್ಕೂ ಮುಂಚಿನ ಎರಡು ದಶಕಗಳಲ್ಲಿ ಅಧ್ಯಾಪಕರೂ ಆಸಕ್ತರೂ ಡಿಜಿಟಲ್ ಕ್ಯಾಮೆರಾಗಳಿಂದ ತೆಗೆದ ಚಿತ್ರಗಳನ್ನು ಕುರಿತೇ ನಮ್ಮ ಮುಂದಿನ ವಿಚಾರ.

೨

ಕ್ಯಾಮೆರಾದ ಕಚ್ಚಾ ಕಡತವೆಂಬುದು ಇನ್ನೂ ಚಿತ್ರವಲ್ಲ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರನು ರೂಪಿಸಿದ, ೧೯೭೬ರಲ್ಲಿ ಪೇಟೆಂಟು ಪಡೆದ ಶೋಧಕದ ಕ್ರಮದಂತೆ, ಸಂವೇದಕದ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಈ ಅಳತೆಗಳು ಸಾಮಾನ್ಯವಾಗಿ ೧೨ ಅಥವಾ ೧೪ ಬಿಟ್ಟುಗಳವು. ಅಂದರೆ ೪,೦೯೬ ಅಥವಾ ೧೬,೩೮೪ ಮಟ್ಟಗಳು. ಸಾಧಾರಣ ಜೆಪೆಗ್ ಚಿತ್ರದಲ್ಲಿ ಬಣ್ಣವೊಂದಕ್ಕೆ ಇರುವುದು ೨೫೬ ಮಟ್ಟಗಳು ಮಾತ್ರ. ಓರೆಬೆಳಕಿನಲ್ಲಿ ತೆಗೆದ ಶಾಸನದ ಚಿತ್ರದಲ್ಲಿ, ನೆರಳಿನಲ್ಲಿ ಮುಳುಗಿದ ಸವೆದ ಅಕ್ಷರವೊಂದು ಮೇಲೆದ್ದು ಬರುವ ಸಂಭವವು ಈ ಹೆಚ್ಚಿನ ಮಟ್ಟಗಳಲ್ಲಿಯೇ ಅಡಗಿದೆ.

ತೊಡಕೇನೆಂದರೆ, ನೈಕಾನ್, ಕ್ಯಾನನ್ ಮೊದಲಾದ ತಯಾರಕರು ತಮ್ಮ ತಮ್ಮ ಕಡತಗಳಿಗೆ ಬೇರೆ ಬೇರೆ ರಚನೆಗಳನ್ನು ಕೊಟ್ಟರು. ಆ ರಚನೆಗಳ ಪೂರ್ಣ ವಿವರಣೆಯನ್ನು ಸಾಮಾನ್ಯವಾಗಿ ಪ್ರಕಟಿಸಲಿಲ್ಲ. ಡೇವ್ ಕಾಫಿನ್ ಎಂಬುವರು ೧೯೯೭ರಲ್ಲಿ ಆರಂಭಿಸಿದ ಡಿಸಿರಾ ಎಂಬ ಕ್ರಮವಿಧಿಯು ಇಂತಹ ಕಡತಗಳನ್ನು ಒಡೆದು ಓದುವ ದಾರಿಯನ್ನು ತೋರಿಸಿತು; ಅದರ ಕೊನೆಯ ಪರಿಷ್ಕರಣ ೨೦೧೮ರದು. ಅದನ್ನು ಆಧರಿಸಿದ ಲಿಬ್‌ರಾ ಆ ಕೆಲಸವನ್ನು ಮುಂದುವರಿಸಿತು. ಅಡೋಬಿ ಸಂಸ್ಥೆಯು ೨೦೦೪ರ ಸೆಪ್ಟೆಂಬರಿನಲ್ಲಿ ಡಿಎನ್‌ಜಿ, ಅಂದರೆ ಡಿಜಿಟಲ್ ನೆಗೆಟಿವ್, ಎಂಬ ರೂಪವನ್ನು ಅದರ ವಿವರಣೆಯೊಡನೆ ಪ್ರಕಟಿಸಿತು. ಅದಕ್ಕೆ ಆಧಾರವಾದದ್ದು ಟಿಫ್ ಎಂಬ ಪರಿಚಿತ ರೂಪವೇ.

೩

ಹಳೆಯ ಕಡತವನ್ನು ಟಿಫ್‌ಗೆ ಪರಿವರ್ತಿಸುವುದಕ್ಕೂ ಡಿಎನ್‌ಜಿಗೆ ಪರಿವರ್ತಿಸುವುದಕ್ಕೂ ಇರುವ ಭೇದವು ಶಾಸನಾಭ್ಯಾಸಿಗೆ ಸುಲಭವಾಗಿ ತಿಳಿಯತಕ್ಕದ್ದು. ಸಾಮಾನ್ಯ ಟಿಫ್ ಚಿತ್ರವಾಗಬೇಕಾದರೆ ಪ್ರತಿ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಊಹಿಸಿ ತುಂಬಬೇಕು, ಬೆಳಕು ಬಣ್ಣಗಳನ್ನು ನಿರ್ಧರಿಸಬೇಕು. ಇದು ಓದಿ ಬರೆದ ಪ್ರತಿ. ನಷ್ಟವಿಲ್ಲದ ಡಿಎನ್‌ಜಿಯಲ್ಲಿ ಸಂವೇದಕದ ಅಳತೆಗಳೇ ಹೊಸ ಹೊದಿಕೆಯೊಳಗೆ ಉಳಿಯುತ್ತವೆ. ಇದು ಪಡಿಯಚ್ಚು.

ಹಾಗೆಂದು ಪಡಿಯಚ್ಚೇ ಕಲ್ಲಾಗಲಾರದು. ತಯಾರಕರು ಮೂಲಕಡತದೊಳಗೆ ಬರೆದಿಟ್ಟ ಖಾಸಗಿ ಟಿಪ್ಪಣಿಗಳು ಪರಿವರ್ತನೆಯಲ್ಲಿ ಪೂರ್ಣವಾಗಿ ಬಾರದೆ ಹೋಗಬಹುದು, ಬಂದರೂ ಅರ್ಥವಾಗದಿರಬಹುದು. ಮೇಲಾಗಿ ಡಿಎನ್‌ಜಿಯಲ್ಲಿಯೇ ನಷ್ಟಸಹಿತವಾದ ಬಗೆಯೂ, ಬಣ್ಣಗಳನ್ನು ಮೊದಲೇ ತುಂಬಿದ ಬಗೆಯೂ ಉಂಟು. ಇವನ್ನು ಆರಿಸಿಕೊಂಡು ಮೂಲವನ್ನು ಅಳಿಸಿದವನು ಪಡಿಯಚ್ಚನ್ನು ಹರಿದು ಪಾಠವನ್ನು ಮಾತ್ರ ಇಟ್ಟುಕೊಂಡವನಂತೆ ಆಗುತ್ತಾನೆ.

ಆದ್ದರಿಂದ ಕಾಲೇಜುಗಳಲ್ಲಿ ಈ ಕಾರ್ಯವನ್ನು ಕೈಗೊಳ್ಳುವವರು ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ಮೊದಲನೆಯದಾಗಿ, ಪರಿವರ್ತನೆಗೆ ಮುಂಚೆ ಪ್ರತಿ ಮೂಲಕಡತದ ತಾಳೆಸಂಖ್ಯೆಯನ್ನು ಗಣಿಸಿ ಬರೆದಿಡಬೇಕು. ಒಂದು ಬಿಟ್ಟು ಬದಲಾದರೂ ಅದರಿಂದ ಗೊತ್ತಾಗುತ್ತದೆ. ಎರಡನೆಯದಾಗಿ, ನಷ್ಟವಿಲ್ಲದ ಬಗೆಯನ್ನೇ ಆರಿಸಬೇಕು. ಮೂರನೆಯದಾಗಿ, ಮೂಲಕಡತವನ್ನು ಡಿಎನ್‌ಜಿಯ ಒಳಗೇ ಅಡಕಮಾಡುವ ಅವಕಾಶವುಂಟು; ಗಾತ್ರವು ಸುಮಾರು ಇಮ್ಮಡಿಯಾದರೂ ಅದನ್ನು ಬಳಸಬೇಕು, ಇಲ್ಲವೇ ಮೂಲವನ್ನು ಪ್ರತ್ಯೇಕವಾಗಿ ಕಾಪಾಡಬೇಕು. ನಾಲ್ಕನೆಯದಾಗಿ, ಪರಿವರ್ತಿಸಿದ ದಿನ, ಬಳಸಿದ ಕ್ರಮವಿಧಿ ಮತ್ತು ಅದರ ಆವೃತ್ತಿ, ಹಾಗೂ ಕಲ್ಲು ಇದ್ದ ಗ್ರಾಮ, ಜಾಗ, ಅದರ ಅಳತೆಗಳನ್ನು ಜೊತೆಯಲ್ಲಿ ದಾಖಲಿಸಬೇಕು. ಈ ಕೊನೆಯ ವಿವರಗಳಿಲ್ಲದ ಚಿತ್ರವು ಎಷ್ಟೇ ಸ್ಫುಟವಾಗಿದ್ದರೂ ಊರಿಲ್ಲದ ಶಾಸನವೇ ಸರಿ.

ಸಂಗ್ರಹವು ಬೇಕೆ ಬೇಡವೆ ಎಂಬ ಪ್ರಶ್ನೆಗೆ ಕಾಲವು ನಮಗಾಗಿ ಕಾಯುವುದಿಲ್ಲ. ಹಳೆಯ ಡಿಸ್ಕುಗಳು ಕೆಡುತ್ತವೆ, ಹಳೆಯ ಕಡತಗಳನ್ನು ತೆರೆಯುವ ಕ್ರಮವಿಧಿಗಳು ಬಳಕೆ ತಪ್ಪುತ್ತವೆ. ಕಲ್ಲು ಇನ್ನೂ ನಿಂತಿರುವಲ್ಲಿ ಚಿತ್ರದ ದೋಷವನ್ನು ಮರಳಿ ಹೋಗಿ ತಿದ್ದಿಕೊಳ್ಳಬಹುದು. ಕಲ್ಲು ಹೋದಲ್ಲಿ ಕಚ್ಚಾ ಕಡತವೇ ಕಲ್ಲಿನ ಸ್ಥಾನದಲ್ಲಿ ನಿಲ್ಲುತ್ತದೆ. ರಾಜಾನುಕುಂಟೆಯಂತಹ, ದಿನದಿನಕ್ಕೆ ಮಾರ್ಪಡುತ್ತಿರುವ ಸೀಮೆಗಳಲ್ಲಿ ಯಾವ ಕಲ್ಲು ಯಾವ ಗುಂಪಿಗೆ ಸೇರುವುದೆಂದು ಮುಂದಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲವಾದ ಕಾರಣ, ಎಲ್ಲ ಮೂಲಕಡತಗಳನ್ನೂ ಕಲ್ಲಿನಷ್ಟೇ ಜೋಪಾನವಾಗಿ ನೋಡಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.