ಚಿನ್ನದ ಗಣಿಗೆ ಹೋದ ಕರೆಂಟು

"ಚಿಕ್ಕಪ್ಪ, ಮನೆ ಮೇಲೆ ಸೋಲಾರ್ ಹಾಕ್ಸಿ ಬಿಟ್‌ಕಾಯಿನ್ ಮೈನಿಂಗ್ ಮಾಡಿದ್ರೆ ಹೆಂಗೆ? ಬಿಸಿಲು ಪುಕ್ಕಟೆ, ಬಂದಿದ್ದೆಲ್ಲ ಲಾಭ!"

ಶಿಕಾರಿಪುರದಲ್ಲಿರುವ ಅಣ್ಣನ ಮಗನ ಪ್ರಶ್ನೆ ಇದು. ಸೊರಬದ ಸ್ನೇಹಿತನೊಬ್ಬ ಪಾಲಿಗೆ ತಯಾರಾಗಿದ್ದಾನಂತೆ. ಎಲೆಚುಕ್ಕೆ ರೋಗ ಬಂದ ಮೇಲೆ ಅಡಿಕೆಯೊಂದನ್ನೇ ನಂಬಿ ಕೂರಲು ಇಬ್ಬರ ಮನೆಯಲ್ಲೂ ಧೈರ್ಯವಿಲ್ಲ. ಬಂಡವಾಳಕ್ಕೆ ಅಮ್ಮಂದಿರ ಬಳೆ ಅಡವಿಡುವ ಆಲೋಚನೆ. ಅಂದರೆ ಕೈಯಲ್ಲಿರುವ ಚಿನ್ನ ಅಡವಿಟ್ಟು ಕಣ್ಣಿಗೆ ಕಾಣದ ಚಿನ್ನ ಅಗೆಯುವುದು!

ನನಗೆ ಕಂಪ್ಯೂಟರಿಗಿಂತ ಹಳೇ ಕಥೆಗಳ ಹುಚ್ಚು ಜಾಸ್ತಿ ಅಂತ ನಿಮಗೆ ಗೊತ್ತೇ ಇದೆಯಲ್ಲ. ಅವನ ಮಾತು ಕೇಳುತ್ತಿದ್ದ ಹಾಗೆ ನೆನಪಾದದ್ದು ಶಿವನಸಮುದ್ರ. ನೀರಿನಿಂದ ಕರೆಂಟು ತೆಗೆದು ಅದರಿಂದ ಚಿನ್ನ ಅಗೆಯುವ ಕೆಲಸ ನಮ್ಮಲ್ಲಿ 1902ರಲ್ಲೇ ನಡೆದಿದೆ.

ಆಗ ಕೋಲಾರದ ಚಿನ್ನದ ಗಣಿಗಳು ಹಬೆ ಯಂತ್ರದ ಮೇಲೆ ನಡೆಯುತ್ತಿದ್ದವು. ಅದಕ್ಕೆ ಸುಡುವ ಉರುವಲಿನ ಖರ್ಚು ವಿಪರೀತ. ಕಾವೇರಿ ಧುಮುಕುವ ಜಾಗದಲ್ಲಿ ವಿದ್ಯುತ್ ತಯಾರಿಸಿ ತಂತಿಯ ಮೇಲೆ ಗಣಿಗೆ ಕಳಿಸುವ ಯೋಜನೆಯನ್ನು ಮೈಸೂರು ಸಂಸ್ಥಾನ ಕೈಗೆತ್ತಿಕೊಂಡಿತು. ಅದರ ಹಿಂದೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್. ಜೂನ್ 1902ರಲ್ಲಿ ಕರೆಂಟು ಹರಿಯಿತು, ಸುಮಾರು 147 ಕಿಲೋಮೀಟರ್ ದೂರಕ್ಕೆ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಪಾಪ, ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಇಲ್ಲಿ ಗಮನಿಸಬೇಕಾದ್ದು ಮೊದಲ ಗಿರಾಕಿ ಯಾರು ಅನ್ನುವುದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರ ಆಗಸ್ಟಿನಲ್ಲಿ. ಗಣಿ ಮೊದಲು, ಬೀದಿ ಆಮೇಲೆ, ಹಳ್ಳಿಯ ಮನೆ... ಅದು ಎಷ್ಟೋ ದಶಕಗಳ ನಂತರದ ಮಾತು.

ಇನ್ನೂ ಒಂದು ತೊಡಕಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು, ಆದರೆ ಗಣಿ ನಿಲ್ಲುವಂತಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಯದು. ನೀರೆತ್ತುವ ಪಂಪು, ಜನರನ್ನು ಇಳಿಸಿ ಏರಿಸುವ ಯಂತ್ರ ಎಲ್ಲಕ್ಕೂ ದಿನವಿಡೀ ಕರೆಂಟು ಬೇಕು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷಪೂರ್ತಿ ನೀರು ಕೊಡುವುದೂ ಇತ್ತು. ಕೆ.ಆರ್.ಎಸ್. ಅಂದರೆ ನಮಗೆ ಮಂಡ್ಯದ ಗದ್ದೆ, ಬೃಂದಾವನದ ಕಾರಂಜಿ ನೆನಪಾಗುತ್ತದೆ, ಚಿನ್ನ ನೆನಪಾಗುವುದಿಲ್ಲ.

ಬಿಟ್‌ಕಾಯಿನ್ ಗಣಿಯ ಹಸಿವೂ ಇಂಥದ್ದೇ. ಅಲ್ಲಿ ಅದಿರಿಲ್ಲ. ಜಗತ್ತಿನ ಲಕ್ಷಾಂತರ ಯಂತ್ರಗಳು ಒಂದು ಸಂಖ್ಯೆಯನ್ನು ಊಹಿಸುತ್ತಾ ಕೂತಿರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಯಾರಿಗೋ ಗುರಿ ತಾಗುತ್ತದೆ, ಅವರಿಗೆ ಹೊಸ ನಾಣ್ಯ. 2009ರಲ್ಲಿ ಒಂದು ಗುರಿಗೆ 50 ನಾಣ್ಯ ಸಿಗುತ್ತಿತ್ತು, ಮನೆಯ ಕಂಪ್ಯೂಟರೇ ಸಾಕಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತಾ 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಆಳಕ್ಕೆ ಹೋದಷ್ಟೂ ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಾ ಹೋಗಿ ಕೊನೆಗೆ 2001ರಲ್ಲಿ ಕೆ.ಜಿ.ಎಫ್. ಗಣಿ ಮುಚ್ಚಿತಲ್ಲ, ಅದೇ ನೆನಪಾಗುತ್ತದೆ.

ಸರಿ, ಮನೆ ಮಾಳಿಗೆಗೆ ಬರೋಣ. ಇಬ್ಬರನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆ. 2020ರಲ್ಲಿ ಬಂದ ಆಂಟ್‌ಮೈನರ್ ಎಸ್19 ಪ್ರೊ ಯಂತ್ರ ಒಂದೇ 3.25 ಕಿಲೋವಾಟ್ ಎಳೆಯುತ್ತದೆ. ದಿನಕ್ಕೆ 78 ಯೂನಿಟ್. ಒಂದು ಕಿಲೋವಾಟಿನ ಪ್ಯಾನೆಲ್ ಒಳ್ಳೆ ಬಿಸಿಲಿಗೆ ದಿನಕ್ಕೆ ಹೆಚ್ಚುಕಮ್ಮಿ 4 ಯೂನಿಟ್ ಕೊಡುತ್ತದೆ. ಮೂರು ಕಿಲೋವಾಟ್ ಹಾಕಿಸಿದರೆ 12 ಯೂನಿಟ್. ಯಂತ್ರಕ್ಕೆ ಅದು ನಾಲ್ಕು ಗಂಟೆಗೂ ಸಾಲದು! ಹಗಲೂ ರಾತ್ರಿ ಓಡಿಸಲು ಇಪ್ಪತ್ತು ಕಿಲೋವಾಟಿನ ಪ್ಯಾನೆಲ್ಲು, ಮೇಲೆ ಬ್ಯಾಟರಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊರಬದ ಮೋಡ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ ಅಂತ ಕೇಳಿ ಇಬ್ಬರಿಗೂ ಆಶ್ಚರ್ಯ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಆ ವ್ಯವಸ್ಥೆ.

"ಹಂಗಾದ್ರೆ ಗೃಹಜ್ಯೋತಿ?" ಅಂದ ಸೊರಬದವನು. ಹುಷಾರಿದ್ದಾನೆ :) ಅದು 200 ಯೂನಿಟ್ ಒಳಗಿನವರಿಗೆ, ಅದೂ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10ರಷ್ಟು ಸೇರಿಸಿ. ಈ ಯಂತ್ರ 200 ಯೂನಿಟ್ಟನ್ನು ಎರಡೂವರೆ ದಿನದಲ್ಲಿ ನುಂಗುತ್ತದೆ. ಪಂಪ್‌ಸೆಟ್ ಲೈನಿನ ಮಾತೂ ಬಂತು, ಅದು ಕಳ್ಳತನ ಅಂತ ಗದರಿದೆ.

ಆದರೆ ಆ ಹುಡುಗರನ್ನು ಪೂರ್ತಿ ಬಯ್ಯುವ ಹಾಗೂ ಇಲ್ಲ. 1990ರಿಂದ 92ರವರೆಗೆ ಮುಖ್ಯಮಂತ್ರಿಯಾಗಿದ್ದ ಸೊರಬದ ಬಂಗಾರಪ್ಪ ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟು ಹೆಸರಾದವರು. 2008ರಲ್ಲಿ ಶಿಕಾರಿಪುರದಿಂದ ಗೆದ್ದು ಮುಖ್ಯಮಂತ್ರಿಯಾದ ಯಡಿಯೂರಪ್ಪ ಕೂಡ 10 ಎಚ್.ಪಿ.ವರೆಗಿನ ಪಂಪಿಗೆ ಉಚಿತ ವಿದ್ಯುತ್ ಘೋಷಿಸಿದರು. ಅಕ್ಕಪಕ್ಕದ ಎರಡು ತಾಲೂಕು, ಇಬ್ಬರು ಮುಖ್ಯಮಂತ್ರಿಗಳು, ಒಂದೇ ಕೊಡುಗೆ. ಕರೆಂಟಿಗೆ ಬೆಲೆಯಿದೆ ಅನ್ನುವುದೇ ಮರೆತುಹೋಗುವಂಥ ನೆಲದಲ್ಲಿ ಬೆಳೆದ ಮಕ್ಕಳು ಇವರು. ಆ ಕೊಡುಗೆ ತಪ್ಪು ಅಂತ ನಾನು ಹೇಳಲಾರೆ. ಪಕ್ಕದ ಸಾಗರ, ಹೊಸನಗರದ ಕಡೆ 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರೂರೇ ಮುಳುಗಿದವು. ಆ ನೀರಿನಿಂದ ನಡೆಯುವ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ನಾಡಿಗೆಲ್ಲ ಬೆಳಕು ಕೊಟ್ಟಿತು. ಎತ್ತಂಗಡಿಯಾದ ಕುಟುಂಬಗಳಲ್ಲಿ ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುವವರಿದ್ದಾರೆ.

ನದಿ ಯಾರ ಕೈಯಲ್ಲಿದೆಯೋ ಗಣಿ ಅವರದ್ದು. ಚೀನಾದ ಗಣಿಗಾರರು ಮಳೆಗಾಲದಲ್ಲಿ ಸಿಚುವಾನ್‌ನ ಅಗ್ಗದ ಜಲವಿದ್ಯುತ್ ಹುಡುಕಿಕೊಂಡು ಯಂತ್ರಗಳನ್ನೇ ಹೊತ್ತೊಯ್ಯುತ್ತಿದ್ದರು, 2021ರಲ್ಲಿ ಅಲ್ಲಿನ ಸರ್ಕಾರ ನಿಷೇಧಿಸುವ ತನಕ. ಭೂತಾನದಲ್ಲಿ ಸರ್ಕಾರಿ ಕಂಪನಿಯೇ ಹಿಮಾಲಯದ ನೀರಿನ ಕರೆಂಟಿನಿಂದ ಬಿಟ್‌ಕಾಯಿನ್ ಅಗೆದಿದೆ. ಶಿಕಾರಿಪುರದ ಹಂಚಿನ ಮಾಡಿಗೆ ಅವರೊಡನೆ ಎಲ್ಲಿಯ ಪೈಪೋಟಿ! ಸಾಲದ್ದಕ್ಕೆ 2022ರ ಏಪ್ರಿಲಿನಿಂದ ನಮ್ಮಲ್ಲಿ ಇಂಥ ಗಳಿಕೆಗೆ ಶೇಕಡಾ 30 ತೆರಿಗೆ. ಮೈನಿಂಗಿಗೆ ಮಾಡಿದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ ಎಂದು ಹಣಕಾಸು ಸಚಿವಾಲಯ ಲೋಕಸಭೆಯಲ್ಲೇ ಹೇಳಿದೆ.

ಸೋಲಾರ್ ಬೇಡ ಅಂತ ಮಾತ್ರ ನಾನು ಹೇಳಿಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆ 12 ಯೂನಿಟ್ಟಿನಲ್ಲಿ ಮಿಕ್ಸಿ, ಫ್ರಿಜ್ಜು, ಫ್ಯಾನು ಓಡಿ ಉಳಿದದ್ದು ಮೆಸ್ಕಾಂ ಲೈನಿಗೆ ಹೋಗಲಿ. 1902ರ ಕರೆಂಟಿಗೆ ಗಣಿ ಮೊದಲ ಗಿರಾಕಿಯಾಗಿತ್ತು, ಈ ಕರೆಂಟಿಗೆ ಅತ್ತಿಗೆಯ ಅಡುಗೆಮನೆ.

ಅಂದ ಹಾಗೆ, ನಿಮ್ಮೂರಿಗೆ ಮೊದಲ ಕರೆಂಟು ಕಂಬ ಬಂದದ್ದು ಯಾವ ವರ್ಷ, ಮೊದಲು ಯಾರ ಮನೆಗೆ ಎಳೆದರು? ಮನೆಯ ಹಿರಿಯರನ್ನು ಕೇಳಿ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.