ಘಟ್ಟಿಹೊಸಹಳ್ಳಿಯ ಬೆರೈಟ್: ಆದಿಸಾಗರದ ಗಂಧಕದ ಒಂದು ದಾಖಲೆ

ಬೆರೈಟ್ ಎಂಬ ಸಲ್ಫೇಟ್ ಖನಿಜವು ತನ್ನಷ್ಟಕ್ಕೆ ದುರ್ಲಭವಾದುದೇನಲ್ಲ. ಹೈದರಾಬಾದಿಗೆ ತೆಂಕಣದ ಕಡಪ ಸೀಮೆಯಲ್ಲಿ, ಮಂಗಂಪೇಟೆ ಎಂಬೆಡೆ, ಅದು ಜಗತ್ತಿನಲ್ಲೇ ಅತಿ ವಿಶಾಲವೆನಿಸಿದ ನಿಕ್ಷೇಪಗಳಲ್ಲೊಂದಾಗಿ ನೆಲೆಗೊಂಡಿದೆ. ಆದರೆ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ, ಕ್ರೋಮಿಯಂ ಬೆರೆತ ಕಾಗೆಬಂಗಾರದಿಂದ ಹಸಿರೇರಿದ ಬೆಣಚುಶಿಲೆಯ ನಡುವೆ ತೆಳುವಾದ ಪದರಗಳಾಗಿ ಹುದುಗಿರುವ ಬೆರೈಟಿನ ಮಾತೇ ಬೇರೆ. ಸುಮಾರು 320 ಕೋಟಿ ವರ್ಷಗಳ ಹಿಂದಿನ ಸರಗೂರು ಶಿಲಾಸಮೂಹಕ್ಕೆ ಸೇರಿದ ಈ ಸ್ತರಗಳಿಗೆ ವಯಸ್ಸಿನಲ್ಲಿಯೂ ರಚನೆಯಲ್ಲಿಯೂ ಸಮಾನವಾದವು ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ, ದಕ್ಷಿಣ ಆಫ್ರಿಕದ ಬಾರ್ಬರ್ಟನ್ ಮೊದಲಾದ ಕೆಲವೇ ಪ್ರದೇಶಗಳಲ್ಲಿ ಉಳಿದುಬಂದಿವೆ. ವ್ಯಾಪಾರದ ದೃಷ್ಟಿಗೆ ಅಲ್ಪವಾಗಿ ತೋರುವ ಈ ಪದರಗಳನ್ನು ಅದಿರೆಂದೆಣಿಸದೆ ದಾಖಲೆಯೆಂದೆಣಿಸಬೇಕೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಬೆರೈಟ್ ಎಂದರೆ ಬೇರಿಯಂ ಸಲ್ಫೇಟ್. ಅದರ ವಿಶಿಷ್ಟ ಗುರುತ್ವ ಸುಮಾರು 4.5, ಬೆಣಚುಕಲ್ಲಿನದು 2.65 ಮಾತ್ರವಾದುದರಿಂದ, ಲೋಹದ ಹೊಳಪಿಲ್ಲದ ಈ ಬಿಳಿಯ ಕಲ್ಲನ್ನು ಕೈಗೆತ್ತಿಕೊಂಡವರು ಅದರ ಭಾರಕ್ಕೆ ಬೆರಗಾಗುವುದು ಸಹಜವೇ. ಮೋಸ್ ಮಾನದಲ್ಲಿ ಅದರ ಕಾಠಿಣ್ಯ 3ರಿಂದ 3.5. ಭಾರವೂ ಮೃದುತ್ವವೂ ಒಂದೆಡೆ ಕೂಡಿರುವ ಕಾರಣದಿಂದಲೇ ತೈಲಬಾವಿಗಳನ್ನು ಕೊರೆಯುವವರು ಅದರ ಪುಡಿಯನ್ನು ಕೊರೆಗೆಸರಿನಲ್ಲಿ ಕಲಸುತ್ತಾರೆ. ಭೂಗರ್ಭದಿಂದ ನುಗ್ಗಿಬರುವ ಅನಿಲದ ಒತ್ತಡವನ್ನು ಕೆಸರಿನ ತೂಕ ತಡೆಯುತ್ತದೆ, ಉಪಕರಣಗಳೂ ಸವೆಯುವುದಿಲ್ಲ. ಜಗತ್ತಿನ ಗಣಿಗಳಿಂದ ಹೊರಬರುವ ಬೆರೈಟಿನ ಬಹುಪಾಲು ಹೀಗೆಯೇ ವ್ಯಯವಾಗುತ್ತದೆ. ಬಣ್ಣದ ತಯಾರಿಕೆಗೂ, ವಿಕಿರಣವನ್ನು ತಡೆಯುವ ಕಾಂಕ್ರೀಟಿಗೂ ಸಲ್ಲುವುದು ಅಲ್ಪಾಂಶ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆಯುವುದು ಅದರ ಅವಿಲೇಯತೆ. ಒಂದು ಲೀಟರು ನೀರಿನಲ್ಲಿ ಜಿಪ್ಸಂ ಎರಡು ಗ್ರಾಮಿಗೂ ಮಿಕ್ಕು ಕರಗಬಲ್ಲುದಾದರೆ, ಬೆರೈಟ್ ಕರಗುವುದು ಎರಡೂವರೆ ಮಿಲಿಗ್ರಾಮಿನಷ್ಟು ಮಾತ್ರ. ಕರಗಿದ ಬೇರಿಯಂ ವಿಷವೆಂಬುದು ಪ್ರಸಿದ್ಧ. ಆದರೂ ಜಠರದ ಎಕ್ಸ್-ರೇ ಚಿತ್ರ ತೆಗೆಯುವ ಮುನ್ನ ರೋಗಿಗೆ ಬೇರಿಯಂ ಸಲ್ಫೇಟನ್ನು ನಿರ್ಭಯವಾಗಿ ಕುಡಿಸಬಹುದಾಗಿರುವುದು, ಅದು ದೇಹದ ರಸಗಳಲ್ಲಿ ಕರಗದೆ ಹಾಗೆಯೇ ಹೊರಬೀಳುವುದರಿಂದ. ರೋಗಿಯನ್ನು ಕಾಯುವ ಈ ಗುಣವೇ ಘಟ್ಟಿಹೊಸಹಳ್ಳಿಯಲ್ಲಿ ಭೂಮಿಯ ಬಾಲ್ಯದ ಒಂದು ವೃತ್ತಾಂತವನ್ನೂ ಕಾಯ್ದಿದೆ.

ಆ ವೃತ್ತಾಂತ ಅಡಗಿರುವುದು ಗಂಧಕದಲ್ಲಿ. ಗಂಧಕಕ್ಕೆ 32, 33, 34, 36 ಎಂಬ ದ್ರವ್ಯಸಂಖ್ಯೆಗಳ ನಾಲ್ಕು ಸ್ಥಿರ ಐಸೊಟೋಪುಗಳುಂಟು. ಸಾಮಾನ್ಯವಾದ ರಾಸಾಯನಿಕ ಕ್ರಿಯೆಗಳೂ ಜೈವಿಕ ಕ್ರಿಯೆಗಳೂ ಇವುಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುವುದರಿಂದ, 33ರ ಪ್ರಮಾಣದಲ್ಲಾಗುವ ವ್ಯತ್ಯಾಸವು 34ರದರ ಸುಮಾರು ಅರ್ಧದಷ್ಟಿರಬೇಕು. ಈ ನಿಯಮವು ಸುಮಾರು 245 ಕೋಟಿ ವರ್ಷಗಳಿಗಿಂತ ಹಳೆಯದಾದ ಶಿಲೆಗಳಲ್ಲಿ ಮುರಿದಿರುವುದನ್ನು ಫಾರ್ಕರ್, ಬಾವೊ ಮತ್ತು ಥೀಮೆನ್ಸ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದರು. ವಾಯುಮಂಡಲದಲ್ಲಿ ಆಮ್ಲಜನಕವಿಲ್ಲದೆ, ಆದ್ದರಿಂದ ಓಜೋನಿನ ಮರೆಯೂ ಇಲ್ಲದೆ ಇದ್ದ ಆ ಕಾಲದಲ್ಲಿ, ಜ್ವಾಲಾಮುಖಿಗಳು ಉಗುಳಿದ ಸಲ್ಫರ್ ಡೈಆಕ್ಸೈಡನ್ನು ಸೂರ್ಯನ ಅತಿನೇರಿಳೆ ಕಿರಣಗಳು ನೇರವಾಗಿ ಭೇದಿಸುತ್ತಿದ್ದವು; ಅದರಿಂದ ಹುಟ್ಟಿದ ಸಲ್ಫೇಟ್ ನಿಯಮಕ್ಕೆ ಹೊರತಾದ ಅನುಪಾತವನ್ನು ಹೊತ್ತು ಮಳೆಯೊಡನೆ ಕಡಲಿಗಿಳಿಯಿತು. ಅಲ್ಲಿ ಬಿಸಿನೀರಿನ ಬುಗ್ಗೆಗಳು ತಂದ ಬೇರಿಯಂ ಸಂಧಿಸಿದೊಡನೆ ಎರಡೂ ಕೂಡಿ ತಳಕ್ಕಿಳಿದು ಪದರಗಟ್ಟಿದವು. ಆರ್ಕಿಯನ್ ಕಾಲದ ಬೆರೈಟುಗಳಲ್ಲಿ 33ರ ಪ್ರಮಾಣವು ನಿಯಮವು ಹೇಳುವುದಕ್ಕಿಂತ ಕಡಿಮೆಯಿರುವುದು ಇದಕ್ಕೆ ಸಾಕ್ಷಿ. ಘಟ್ಟಿಹೊಸಹಳ್ಳಿಯ ಶಿಲೆಗಳು ಆಮೇಲೆ ಭೂಗರ್ಭದ ತಾಪಕ್ಕೂ ಒತ್ತಡಕ್ಕೂ ಸಿಕ್ಕಿ ಮರುಸ್ಫಟಿಕೀಕರಣಗೊಂಡಿವೆ, ನಿಜ; ಆದರೆ ತಾಪವೂ ತೂಕದ ನಿಯಮಕ್ಕೆ ಅಧೀನವಾದುದರಿಂದ ಆ ಅಸಾಧಾರಣ ಅನುಪಾತವನ್ನು ಹೊಸದಾಗಿ ಸೃಷ್ಟಿಸುವ ಶಕ್ತಿ ಅದಕ್ಕಿಲ್ಲ.

ಈ ಪದರಗಳತ್ತ ವಿದ್ವಲ್ಲೋಕದ ಗಮನ ಹರಿದುದು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ, ಬಿ. ಪಿ. ರಾಧಾಕೃಷ್ಣ ಮೊದಲಾದವರ ಬರಹದಿಂದ; ಟಿ. ಸಿ. ದೇವರಾಜು ಮತ್ತು ಸಂಗಡಿಗರು 1999ರಲ್ಲಿ ಅಲ್ಲಿಯ ಖನಿಜ ಸಂಯೋಜನೆಯನ್ನು ಸವಿಸ್ತಾರವಾಗಿ ವಿವರಿಸಿದರು.

ಇಂತಹ ಪದರಗಳು ಸುತ್ತಣ ನೆಲದಲ್ಲಿ ಇನ್ನೆಲ್ಲಿಯಾದರೂ ಇರಬಹುದೆ, ಆಕಾಶದಿಂದ ಅವುಗಳನ್ನು ಅರಸಬಹುದೆ ಎಂಬ ಪ್ರಶ್ನೆ, ಹೈದರಾಬಾದಿನ ಬಾಲಾನಗರದಲ್ಲಿ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿರುವಾಗ, ಏಳದೆ ಇರದು. 1974ರಲ್ಲಿ ಸ್ಥಾಪಿತವಾಗಿ 2008ರಲ್ಲಿ ಇಸ್ರೋದ ಅಂಗವಾದ ಈ ಸಂಸ್ಥೆ ನಮ್ಮ ಉಪಗ್ರಹಗಳು ಕಳುಹುವ ಚಿತ್ರಗಳ ಭಂಡಾರವೇ ಆಗಿದೆ. ಆದರೆ ಸಲ್ಫೇಟುಗಳೆಲ್ಲವೂ ಉಪಗ್ರಹದ ಕಣ್ಣಿಗೆ ಒಂದೇ ತೆರನಾಗಿ ಬೀಳುವುದಿಲ್ಲ. ಜಿಪ್ಸಂ ತನ್ನ ಸ್ಫಟಿಕದೊಳಗೆ ನೀರನ್ನಿರಿಸಿಕೊಂಡಿರುವುದರಿಂದ ಅವಕೆಂಪು ಬೆಳಕಿನಲ್ಲಿ ಸ್ಪಷ್ಟವಾದ ಹೀರಿಕೆಯ ಗುರುತನ್ನು ತೋರುತ್ತದೆ. ನಿರ್ಜಲವಾದ ಬೆರೈಟಿಗೆ ಅಲ್ಲಿ ಅಂತಹ ಗುರುತಿಲ್ಲ. ಅದರ ಮುಖ್ಯ ಲಕ್ಷಣ ಪ್ರಕಟವಾಗುವುದು ಎಂಟು ಒಂಬತ್ತು ಮೈಕ್ರಾನುಗಳ ಆಸುಪಾಸಿನ ಉಷ್ಣಕಿರಣಗಳಲ್ಲಿ, ಮತ್ತು ಅಲ್ಲಿಯೇ ಬೆಣಚುಕಲ್ಲಿನ ಪ್ರಬಲವಾದ ಲಕ್ಷಣವೂ ಅದನ್ನು ಮರೆಮಾಡುತ್ತದೆ. ಹಸಿರು ಕಾಗೆಬಂಗಾರವೂ ಬಳಪದ ಕಲ್ಲೂ 2.2ರಿಂದ 2.3 ಮೈಕ್ರಾನುಗಳ ನೆರೆಯಲ್ಲಿ ತಮ್ಮ ಗುರುತನ್ನು ನೀಡುವುದರಿಂದ, ಬೆರೈಟಿಗೆ ಆಶ್ರಯವಿತ್ತ ಶಿಲೆಗಳ ಹಾದಿಯನ್ನು ಉಪಗ್ರಹಚಿತ್ರದಲ್ಲಿ ಅರಸುವುದು ಸಾಧ್ಯ. ಅನಂತರದ ಶೋಧ ಕಾಲ್ನಡಿಗೆಯದು, ಸುತ್ತಿಗೆಯದು, ಕಲ್ಲನ್ನೆತ್ತಿ ಭಾರವನ್ನು ಅಳೆಯುವ ಕೈಯದು.

ಅದೇ ಚಿತ್ರದುರ್ಗ ಜಿಲ್ಲೆಯಲ್ಲಿ, ವಯಸ್ಸಿನಲ್ಲಿ ಇದಕ್ಕಿಂತ ಕಿರಿಯವಾದ ಮರಡಿಹಳ್ಳಿಯ ದಿಂಬುಲಾವಾ ಶಿಲೆಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ಸಂದಿದೆ. ಘಟ್ಟಿಹೊಸಹಳ್ಳಿಯ ಬೆರೈಟ್ ಸ್ತರಗಳಿಗೂ ಅದೇ ಮನ್ನಣೆ ಸಲ್ಲಬೇಕು. ಅದಕ್ಕೆ ಮುನ್ನ ಪ್ರತಿಯೊಂದು ಪದರದ ನಕ್ಷೆಯನ್ನು ದೊಡ್ಡ ಮಾನದಲ್ಲಿ ರಚಿಸಿ, ಮೇಲು ಕೆಳಗುಗಳನ್ನು ಗುರುತಿಸಿದ ಮಾದರಿಗಳನ್ನು ಆಯ್ದು, ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಕೈಗೆಟಕುವಂತೆ ನಮ್ಮ ವಿಶ್ವವಿದ್ಯಾಲಯಗಳ ಸಂಗ್ರಹಗಳಲ್ಲಿ ಇರಿಸಬೇಕಾಗಿದೆ.